ಮೀನು ಸಾಗಿಸುವ ಎರಡು ವಾಹನ: ಡೀಸೆಲ್ ಪಿಕಪ್ ಮತ್ತು ಪೆಟ್ರೋಲ್ ಮಿನಿ ಟ್ರಕ್, ನಾಲ್ಕು ವರ್ಷಗಳ ಬಳಕೆ

2021ರ ಆಗಸ್ಟ್‌ನಿಂದ ನನ್ನ ಬಳಿ ಎರಡು ಸರಕು ವಾಹನಗಳಿವೆ: 1.3 ಟನ್ ಹೊರುವ, ನಾಲ್ಕು ಸಿಲಿಂಡರಿನ ಡೀಸೆಲ್ ಪಿಕಪ್ ಒಂದು, ಮುಕ್ಕಾಲು ಟನ್ ಹೊರುವ, ಎರಡು ಸಿಲಿಂಡರಿನ ಪೆಟ್ರೋಲ್ ಮಿನಿ ಟ್ರಕ್ ಇನ್ನೊಂದು. ಎರಡೂ ಬಿಎಸ್ 6 ಗಾಡಿಗಳು, ಅಂದರೆ ಹೊಗೆ ಮಾಲಿನ್ಯದ ಹೊಸ ಮಿತಿಗೆ ಒಳಪಟ್ಟವು. ಹೋಲಿಸುತ್ತಿರುವುದು ಇಂಧನಗಳನ್ನಾದ್ದರಿಂದ ಕಂಪನಿಗಳ ಹೆಸರು ಹೇಳುತ್ತಿಲ್ಲ. ಗಾತ್ರದಲ್ಲಿ ಇವು ಸರಿಜೋಡಿಯಲ್ಲ ಎಂಬುದು ನಿಜ. ಆದರೆ ಒಂದು ಟನ್ ದಾಟಿದ ಪಿಕಪ್‌ಗಳು ನಮ್ಮ ಮಾರುಕಟ್ಟೆಯಲ್ಲಿ ಬಹುಪಾಲು ಡೀಸೆಲ್ ಇಲ್ಲವೇ ಸಿಎನ್‌ಜಿ ಆಗಿರುವುದರಿಂದ ಕೊಳ್ಳುವವನ ಮುಂದೆ ನಿಲ್ಲುವ ಆಯ್ಕೆಯೂ ಹೀಗೆಯೇ ಇರುತ್ತದೆ.

ಡೀಸೆಲ್ ಗಾಡಿ ಮಲ್ಪೆ ಬಂದರಿನಿಂದ ಹೆಬ್ರಿ, ಆಗುಂಬೆ, ತೀರ್ಥಹಳ್ಳಿ ಮಾರ್ಗವಾಗಿ ಶಿವಮೊಗ್ಗಕ್ಕೆ ಮೀನು ತರುತ್ತದೆ. ಪೆಟ್ರೋಲ್ ಗಾಡಿ ಅದನ್ನು ಊರೊಳಗಿನ ಅಂಗಡಿ, ಹೋಟೆಲುಗಳಿಗೆ ಹಂಚುತ್ತದೆ. ಸಮುದ್ರಮಟ್ಟದಿಂದ ಹೊರಟ ಗಾಡಿ ಮೀನು, ಮಂಜುಗಡ್ಡೆ ಎರಡರ ಭಾರವನ್ನೂ ಹೊತ್ತು ಸುಮಾರು 640 ಮೀಟರ್ ಎತ್ತರದ ಆಗುಂಬೆಯನ್ನು ಏರಬೇಕು. ಸೋಮೇಶ್ವರದಿಂದ ಮೇಲಿನ ಹದಿನಾಲ್ಕು ತಿರುವುಗಳಲ್ಲಿ ಡೀಸೆಲ್ ಎಂಜಿನ್ನಿನ ಗುಣ ಕಾಣುತ್ತದೆ: ಸುಮಾರು 200 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ) ಎಂಜಿನ್ನಿನ ಕಡಿಮೆ ವೇಗದಲ್ಲೇ ಕೈಗೆ ಸಿಗುವುದರಿಂದ ಎರಡನೇ ಗೇರಿನಲ್ಲಿ ಏದುಸಿರಿಲ್ಲದೆ ಹತ್ತುತ್ತದೆ. ಒಮ್ಮೆ ಅನಿವಾರ್ಯವಾಗಿ ಪೆಟ್ರೋಲ್ ಗಾಡಿಯನ್ನೇ 600 ಕಿಲೋ ಹೇರಿ ಈ ದಾರಿಯಲ್ಲಿ ತಂದಿದ್ದೆವು. ಅದರ ಟಾರ್ಕ್ 55 ನ್ಯೂಟನ್ ಮೀಟರ್ ಮಾತ್ರ. ತಿರುವು ತಿರುವಿಗೂ ಮೊದಲ ಗೇರಿಗೆ ಇಳಿಯಬೇಕಾಯಿತು, ಹಿಂದೆ ಬಸ್ಸುಗಳ ಸಾಲು ಬೆಳೆಯಿತು, ಮೈಲೇಜ್ ಒಂಬತ್ತಕ್ಕೆ ಕುಸಿಯಿತು.

ಖರ್ಚಿನ ಲೆಕ್ಕ ನಾನು ಅಂದುಕೊಂಡಂತೆ ಬರಲಿಲ್ಲ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 18.44ರಿಂದ 21.17ಕ್ಕೆ ಏರಿಸಿದ ಮೇಲೆ ಎರಡು ಇಂಧನಗಳ ನಡುವೆ ಲೀಟರಿಗೆ ಸುಮಾರು 12 ರೂಪಾಯಿ ಅಂತರ ಉಳಿಯಿತು. ಭಾರ ಹೊತ್ತ ಡೀಸೆಲ್ ಗಾಡಿ ಲೀಟರಿಗೆ ಹನ್ನೊಂದೂವರೆ ಕಿ.ಮೀ., ಪೇಟೆಯಲ್ಲಿ ಪೆಟ್ರೋಲ್ ಗಾಡಿ ಹದಿನಾಲ್ಕು ಕಿ.ಮೀ. ಕೊಡುತ್ತವೆ, ಅಂದರೆ ಆಗಿನ ದರದಲ್ಲಿ ಕಿ.ಮೀ.ಗೆ ಕ್ರಮವಾಗಿ ಸುಮಾರು ಎಂಟು ಮತ್ತು ಏಳೂವರೆ ರೂಪಾಯಿ ಬೀಳುತ್ತಿತ್ತು. ಹೊತ್ತ ತೂಕಕ್ಕೆ ಹಂಚಿದರೆ ಮಾತ್ರ ಡೀಸೆಲ್ ಬಹಳ ಅಗ್ಗವಾಗುತ್ತದೆ, ಅದೂ ಗಾಡಿ ತುಂಬಿದ್ದರೆ. ಅರ್ಧ ಲೋಡಿಗೆ ಡೀಸೆಲ್ ಪಿಕಪ್ ಓಡಿಸುವುದು ಶುದ್ಧ ನಷ್ಟ.

ನನ್ನ ದೊಡ್ಡ ತಪ್ಪು ನಡೆದದ್ದು 2022ರ ಮಳೆಗಾಲದಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಗಾಡಿ ಸುಮ್ಮನೆ ನಿಲ್ಲಬಾರದೆಂದು ಡೀಸೆಲ್ ಪಿಕಪ್ಪನ್ನು ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ಬಾಡಿಗೆಗೆ ಬಿಟ್ಟೆ: ಎರಡು ಮೂರು ಕಿ.ಮೀ. ಓಟ, ಇಳಿಸುವಾಗ ಚಾಲೂ ಸ್ಥಿತಿಯಲ್ಲೇ ನಿಲುಗಡೆ. ಐದನೇ ವಾರಕ್ಕೆ ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಸೋಸುವ ಫಿಲ್ಟರ್) ಎಚ್ಚರಿಕೆಯ ದೀಪ ಹೊತ್ತಿತು, ಎಳೆತ ಸತ್ತಿತು. ಬಿಎಸ್ 6 ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿರುವ ಈ ಫಿಲ್ಟರ್ ಮಸಿಯನ್ನು ಹಿಡಿದಿಟ್ಟುಕೊಂಡು, ಹೊಗೆ ಸಾಕಷ್ಟು ಬಿಸಿಯಾದಾಗ ಅದನ್ನು ಸುಟ್ಟುಹಾಕುತ್ತದೆ. ಅದಕ್ಕೆ ಹದಿನೈದಿಪ್ಪತ್ತು ನಿಮಿಷದ ಎಡೆಬಿಡದ ಓಟ ಬೇಕು. ಗಲ್ಲಿಗಳಲ್ಲಿ ಅದು ಸಿಗುವುದಿಲ್ಲ. ಅರ್ಧಕ್ಕೆ ನಿಂತ ಪ್ರತಿ ಪ್ರಯತ್ನದಲ್ಲೂ, ಮಸಿ ಸುಡಲೆಂದು ಚಿಮ್ಮಿಸಿದ ಹೆಚ್ಚುವರಿ ಡೀಸೆಲ್, ಎಂಜಿನ್ ಆಯಿಲಿನೊಳಗೆ ಸೇರಿ, ಆಯಿಲನ್ನೂ ಬದಲಿಸಬೇಕಾಯಿತು. ಎರಡು ದಿನ ಗ್ಯಾರೇಜು, ಆರೂವರೆ ಸಾವಿರ ಬಿಲ್ಲು. ಮಾರುವಾಗ ಮೈಲೇಜಿನ ಬಗ್ಗೆ ಅರ್ಧ ಗಂಟೆ ಮಾತನಾಡಿದ್ದ ಷೋರೂಮಿನವರು ಇದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. "ಹಳೇ ಗಾಡಿಗೆ ಈ ಗೋಳಿರಲಿಲ್ಲ ಅಣ್ಣಾ" ಎಂದ ನಮ್ಮ ಚಾಲಕ. ಇರಲಿಲ್ಲ, ಅದರ ಹಿಂದೆ ಬರುತ್ತಿದ್ದವರು ಮೂಗು ಮುಚ್ಚಿಕೊಳ್ಳುತ್ತಿದ್ದರಷ್ಟೆ.

ಪೆಟ್ರೋಲ್ ಗಾಡಿ ದಿನಕ್ಕೆ ಮೂವತ್ತು ಸಲ ನಿಂತು ಹೊರಟರೂ ಇಂಥ ಕಾಟ ಕೊಟ್ಟಿಲ್ಲ, ಸರ್ವೀಸಿನ ಖರ್ಚೂ ಕಡಿಮೆ. ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಮೈಲೇಜ್ ತುಸು ಇಳಿದಿದೆ. ದಿನಕ್ಕೆ ಐವತ್ತು ಕಿ.ಮೀ. ಒಳಗೆ, ಪೇಟೆಯಲ್ಲೇ ತಿರುಗುವ ಗಾಡಿ ಬೇಕಾದವರು ಡೀಸೆಲ್ ಕಡೆ ನೋಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ನಿತ್ಯ ನೂರು ಕಿ.ಮೀ. ದಾಟುವ, ತುಂಬಿದ ಲೋಡಿನ ಓಟಕ್ಕೆ, ಅದರಲ್ಲೂ ಘಟ್ಟವಿದ್ದರೆ, ಇಂದಿಗೂ ಡೀಸೆಲನ್ನೇ ಕೊಳ್ಳುತ್ತೇನೆ.

ಈಗ ನಿಷೇಧದ ಎರಡು ತಿಂಗಳಲ್ಲಿ ಪಿಕಪ್ಪನ್ನು ವಾರಕ್ಕೊಮ್ಮೆ ತೀರ್ಥಹಳ್ಳಿಯವರೆಗೆ ಖಾಲಿ ಓಡಿಸಿ ತರುತ್ತೇವೆ. ಆ ಡೀಸೆಲ್ ಖರ್ಚನ್ನು ಲೆಕ್ಕದ ಪುಸ್ತಕದಲ್ಲಿ ಸರ್ವೀಸಿನ ಕೆಳಗೇ ಬರೆಯುತ್ತೇನೆ.