1800-11-2356: ದಮ್ಮು ಇರುವವರು ಫ್ಲೂ ಬರುವ ಮೊದಲೇ ಮಾಡಬೇಕಾದ ಫೋನ್

ಬೀಡಿ, ಸಿಗರೇಟ್ ಪ್ಯಾಕಿನ ಮೇಲೆ ಆ ದೊಡ್ಡ ಚಿತ್ರದ ಜೊತೆ ಈ ನಂಬರ್ ಇರುತ್ತದೆ. 2018ರ ಸೆಪ್ಟೆಂಬರ್‌ನಿಂದಲೂ ಇದೆ. ಆದರೆ ನನಗೆ ಗೊತ್ತಿರುವವರಲ್ಲಿ ಫೋನ್ ಮಾಡಿದ್ದು ನಮ್ಮ ದೊಡ್ಡಪ್ಪ ಒಬ್ಬರೇ. ಅಂಗಡಿಯಲ್ಲಿ ಒಂದೊಂದೇ ಸಿಗರೇಟ್ ಕೊಳ್ಳುವವರ ಕೈಗಂತೂ ಪ್ಯಾಕೇ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇದು ಕೇಂದ್ರ ಸರ್ಕಾರದ ತಂಬಾಕು ಬಿಡಿಸುವ ಸಹಾಯವಾಣಿ. ಪೂರ್ತಿ ಉಚಿತ. 2016ರಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಶುರುವಾಯಿತು. ಆಮೇಲೆ ಬೆಂಗಳೂರಿನ ನಿಮ್ಹಾನ್ಸ್‌ಗೂ ಬಂತು, ಹಾಗಾಗಿ ಕನ್ನಡದಲ್ಲೇ ಮಾತಾಡಬಹುದು.

ಬೀಡಿ ಸೇದುತ್ತಿದ್ದ ದೊಡ್ಡಪ್ಪನಿಗೆ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ಮನೆಯಲ್ಲಿ ದಮ್ಮು ಅಂತಲೇ ಹೇಳುತ್ತೇವೆ. ಮಳೆಗಾಲದಲ್ಲಿ ಮನೆಮಂದಿಗೆಲ್ಲ ಫ್ಲೂ ಬಂದಾಗ ಮಕ್ಕಳು ಬೇಗ ಎದ್ದು ಶಾಲೆಗೆ ಹೋದರು, ದೊಡ್ಡಪ್ಪ ಮಾತ್ರ ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಅದೇ ಫ್ಲೂ, ಅದೇ ಮನೆ. ಯಾಕೆ ಹೀಗೆ ಅಂತ ಮನೆಯವರೆಲ್ಲ ಕೇಳಿದ್ದೇ ಕೇಳಿದ್ದು.

ಕಾರಣ ಇದೆ. ಶ್ವಾಸನಾಳದ ಒಳಗೋಡೆಯಲ್ಲಿ ತೀರಾ ಸಣ್ಣ ಕೂದಲಿನಂಥವು ಇರುತ್ತವೆ, ಗಾಳಿಗೆ ಬಾಗುವ ಭತ್ತದ ಪೈರಿನ ಹಾಗೆ ಒಟ್ಟಿಗೆ ಆಡುತ್ತಾ ಕಫವನ್ನೂ ಅದರಲ್ಲಿ ಸಿಕ್ಕಿಬಿದ್ದ ವೈರಸ್ಸನ್ನೂ ಮೇಲಕ್ಕೆ ತಳ್ಳುತ್ತವೆ. ಹೊಗೆ ಇವುಗಳ ಆಟ ನಿಲ್ಲಿಸುತ್ತದೆ, ಕಫ ಜಾಸ್ತಿ ಮಾಡುತ್ತದೆ. ವೈರಸ್ಸಿಗೆ ಒಳಗೇ ಉಳಿಯಲು ಜಾಗ ಸಿಗುತ್ತದೆ. ಸಿಒಪಿಡಿ ಇದ್ದವರ ಶ್ವಾಸನಾಳ ಮೊದಲೇ ಕಿರಿದಾಗಿರುತ್ತದೆ, ಅದಕ್ಕೆ ಇನ್ನೊಂದಿಷ್ಟು ಊತ ಸೇರಿದರೆ ಉಸಿರು ಒಳಗೂ ಹೋಗಲ್ಲ, ಹೊರಗೂ ಬರಲ್ಲ. ಅವರಿಗೆ ಮಾಮೂಲಿ ನೆಗಡಿಯ ವೈರಸ್ ಕೂಡ ಸಾಕು. ಅಡ್ಮಿಟ್ ಆಗುವ ಹಂತಕ್ಕೆ ಹೋದಾಗಲೆಲ್ಲ ಶ್ವಾಸಕೋಶ ಪೂರ್ತಿ ಹಿಂದಿನ ಸ್ಥಿತಿಗೆ ಬರುತ್ತದೆ ಅನ್ನುವ ಖಾತ್ರಿಯಿಲ್ಲ.

ಇದು ವಯಸ್ಸಾದವರ ಸಮಸ್ಯೆ ಅಂದುಕೊಳ್ಳಬೇಡಿ. 1982ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಸ್ರೇಲಿನ ಸೇನಾ ತುಕಡಿಯೊಂದರ 336 ಆರೋಗ್ಯವಂತ ಯುವಕರನ್ನು ನೋಡಿದರು. ಎಚ್1ಎನ್1 ಅನ್ನುವ ಫ್ಲೂ ವೈರಸ್ ಹರಡಿದಾಗ ಸೇದುವವರಲ್ಲಿ ಶೇ 68.5 ಮಂದಿಗೆ ಫ್ಲೂ ಬಂತು, ಸೇದದವರಲ್ಲಿ ಶೇ 47.2. ಕೆಲಸ ಬಿಟ್ಟು ಮಲಗುವಷ್ಟು ಜೋರಾಗಿ ಬಂದಿದ್ದೂ ಸೇದುವವರಿಗೇ ಜಾಸ್ತಿ. ಕೋವಿಡ್ ಶುರುವಿನಲ್ಲಿ 'ಸೇದುವವರಿಗೆ ಕೊರೊನಾ ಕಡಿಮೆ' ಅಂತ ವಾಟ್ಸಾಪಿನಲ್ಲಿ ಓಡಾಡಿದ್ದು ನೆನಪಿದೆಯಲ್ವಾ? 2021ರಲ್ಲಿ ಬ್ರಿಟನ್ನಿನ 4 ಲಕ್ಷಕ್ಕೂ ಹೆಚ್ಚು ಜನರ ದಾಖಲೆ ನೋಡಿದಾಗ, ಸೇದುವವರು ಕೋವಿಡ್‌ನಿಂದ ಆಸ್ಪತ್ರೆ ಸೇರುವ ಸಾಧ್ಯತೆ ಸೇದದವರಿಗಿಂತ ಶೇ 80ರಷ್ಟು ಹೆಚ್ಚು ಅಂತ ಗೊತ್ತಾಯಿತು.

ಈಗ ಸೇವೆಯ ವಿಷಯ. ಫೋನ್ ಎತ್ತಿದ ಹುಡುಗಿ ದೊಡ್ಡಪ್ಪನಿಗೆ ಬೈಯಲಿಲ್ಲ, ನನಗೆ ಇದೇ ಎಲ್ಲಕ್ಕಿಂತ ಇಷ್ಟವಾಗಿದ್ದು. ಮನೆಯವರೆಲ್ಲ ವರ್ಷಗಟ್ಟಲೆ ಬೈದಾಗಿತ್ತು, ಏನೂ ಆಗಿರಲಿಲ್ಲ. ಆಕೆ 'ಹೇಳಿ ಸರ್, ಊಟ ಆದಮೇಲೆ ಬೇಕು ಅನಿಸುತ್ತಾ, ಟೀ ಕುಡಿದಾಗಲಾ' ಅಂತ ಕೇಳುತ್ತಾ ಹೋದರು, ಬಿಡುವ ದಿನವನ್ನು ದೊಡ್ಡಪ್ಪನ ಬಾಯಿಂದಲೇ ಹೇಳಿಸಿದರು. ಆಮೇಲೆ ಅವರೇ ಮತ್ತೆ ಫೋನ್ ಮಾಡಿ ವಿಚಾರಿಸಿದರು. ಬಿಟ್ಟ ಹೊಸದರಲ್ಲಿ ಕೆಮ್ಮು ಜಾಸ್ತಿ ಆಗಬಹುದು, ಆ ಕೂದಲುಗಳು ಮತ್ತೆ ಕೆಲಸ ಶುರುಮಾಡುವಾಗ ಹಾಗಾಗುತ್ತದೆ ಅಂತ ಮುಂಚೆಯೇ ಹೇಳಿದ್ದು ತುಂಬಾ ಉಪಯೋಗಕ್ಕೆ ಬಂತು. ಇಲ್ಲದಿದ್ದರೆ 'ಬಿಟ್ಟಿದ್ದಕ್ಕೇ ಕೆಮ್ಮು' ಅಂತ ದೊಡ್ಡಪ್ಪ ಮತ್ತೆ ಬೀಡಿ ಹಚ್ಚುತ್ತಿದ್ದರು.

ಫೋನಿನಿಂದ ಎಲ್ಲವೂ ಆಗಲ್ಲ. ಎದೆ ಪರೀಕ್ಷೆ, ಇನ್‌ಹೇಲರ್, ನಿಕೋಟಿನ್ ಗಮ್ ಬೇಕಾ ಬೇಡವಾ ಅನ್ನುವುದಕ್ಕೆ ಡಾಕ್ಟರ್ ಹತ್ತಿರವೇ ಹೋಗಬೇಕು. ಸಿಒಪಿಡಿಯಲ್ಲಿ ಈಗಾಗಲೇ ಹಾಳಾದ ಭಾಗ ಸರಿಹೋಗುವುದಿಲ್ಲ, ಬಿಟ್ಟರೆ ಮುಂದೆ ಕೆಡುವ ವೇಗ ಕಡಿಮೆಯಾಗುತ್ತದೆ. ವರ್ಷಕ್ಕೊಮ್ಮೆ ಫ್ಲೂ ಲಸಿಕೆಯನ್ನೂ ಕೇಳಿ ಹಾಕಿಸಿಕೊಳ್ಳಿ.

ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ದಿನಕ್ಕೆ ಎಷ್ಟು ಸೇದುತ್ತೀರಿ, ಬೆಳಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು, ಹಿಂದೆ ಬಿಡಲು ನೋಡಿದ್ದಿರಾ, ಇಷ್ಟನ್ನು ಯೋಚಿಸಿಟ್ಟುಕೊಂಡು ಫೋನ್ ಮಾಡಿದರೆ ಮಾತು ಸಲೀಸಾಗಿ ಸಾಗುತ್ತದೆ. ಮನೆಯವರು ಪಕ್ಕದಲ್ಲಿ ಕೂರಬಹುದು, ಆದರೆ ಮಾತು ಸೇದುವವರೇ ಆಡಲಿ.