ಯುಎಸ್ ಸಿಎಂಎ ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಬಿಕಾಂ ಮುಗಿಸಿ ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ಪೇಯಬಲ್ (ಬಿಲ್ ಪಾವತಿ) ಕೆಲಸಕ್ಕೆ ಸೇರಿದಾಗ ನನ್ನ ಕೈಗೆ ಬರುತ್ತಿದ್ದದ್ದು 22,000 ರೂಪಾಯಿ. ಅದೇ ಫ್ಲೋರಿನಲ್ಲಿದ್ದ ಸಿಎ ಒಬ್ಬರಿಗೆ ನನ್ನ ನಾಲ್ಕು ಪಟ್ಟು ಸಂಬಳ. ನನಗೂ ಅಂಥದ್ದೊಂದು ಸರ್ಟಿಫಿಕೇಟ್ ಬೇಕು ಅನ್ನಿಸಿತು. ಆ ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ 2022ರಲ್ಲಿ ಅಪ್ಪನ ಜೊತೆ ಜಯನಗರದ ಒಂದು ಕೋಚಿಂಗ್ ಸೆಂಟರಿಗೆ ಹೋದ ಆ ಶನಿವಾರ ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

"ಯುಎಸ್ ಸಿಎಂಎ ಮಾಡಿ ಮ್ಯಾಮ್, ಸಿಎಗೆ ಸಮ. ಎರಡೇ ಪೇಪರ್, ಎಂಟು ತಿಂಗಳು. ಪಾಸಾದ್ರೆ ಎಂಟು ಲಕ್ಷದ ಪ್ಯಾಕೇಜ್. ಪ್ಲೇಸ್‌ಮೆಂಟ್ ನಮ್ಮ ಜವಾಬ್ದಾರಿ" ಅಂದ ಅಲ್ಲಿನ ಕೌನ್ಸೆಲರ್. ಯುಎಸ್ ಸಿಎಂಎ ಅಂದರೆ ಕಂಪನಿಯೊಳಗಿನ ವೆಚ್ಚ, ಬಜೆಟ್ ಲೆಕ್ಕದ ಅಮೆರಿಕದ ಸರ್ಟಿಫಿಕೇಟ್. ಅಪ್ಪ ಕೇಳಿದರು, "ಇದು ನಮ್ಮ ಕಾಲದ ಐಸಿಡಬ್ಲ್ಯೂಎ ತಾನೇ?" ಕೌನ್ಸೆಲರ್ ತಡವರಿಸಲೇ ಇಲ್ಲ. "ಅದೇ ಸರ್, ಅದಕ್ಕಿಂತ ದೊಡ್ಡದು" ಅಂದ.

ಅದೇ ಅಲ್ಲ. ಅಪ್ಪ ಹೇಳಿದ ಐಸಿಡಬ್ಲ್ಯೂಎ, ಅಂದರೆ ನಮ್ಮಲ್ಲಿನ ಕಾಸ್ಟ್ ಅಕೌಂಟೆಂಟ್ ಕೋರ್ಸ್, ಈಗ ಇಂಡಿಯನ್ ಸಿಎಂಎ ಆಗಿದೆ. 1959ರ ಕಾಯ್ದೆಯ ಪ್ರಕಾರ ನಡೆಯುವ ನಮ್ಮ ದೇಶದ ಸಂಸ್ಥೆ ಅದನ್ನು ಕೊಡುತ್ತದೆ. ಯುಎಸ್ ಸಿಎಂಎ ಕೊಡುವುದು ಅಮೆರಿಕದ ಐಎಂಎ (ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಅಕೌಂಟೆಂಟ್ಸ್). ಅದು ಕೆಟ್ಟ ಕೋರ್ಸ್ ಅಲ್ಲ. ಬೆಂಗಳೂರಿನ ಎಂಎನ್‌ಸಿಗಳಲ್ಲಿ ಬಜೆಟ್, ಫೋರ್‌ಕಾಸ್ಟ್, ಕಾಸ್ಟಿಂಗ್ ಕೆಲಸಕ್ಕೆ ಅದಕ್ಕೆ ಬೆಲೆ ಇದೆ. ಆದರೆ ಅದನ್ನಿಟ್ಟುಕೊಂಡು ಇಲ್ಲಿ ಕಂಪನಿಯ ಆಡಿಟ್ ರಿಪೋರ್ಟಿಗೆ ಸಹಿ ಹಾಕಲು ಆಗುವುದಿಲ್ಲ. ಆ ಹಕ್ಕು ಸಿಎಗಳದ್ದು. ಇನ್ನೊಂದು ವಿಷಯದ ಬಗ್ಗೆಯಂತೂ ಕೌನ್ಸೆಲರ್ ಬಾಯಿಯೇ ಬಿಡಲಿಲ್ಲ. ಒಂದೊಂದು ಪೇಪರಿಗೂ 500ಕ್ಕೆ 360 ಬಂದು ಪಾಸಾದರೂ ಸರ್ಟಿಫಿಕೇಟ್ ಕೈಗೆ ಸಿಗುವುದಿಲ್ಲ. ಡಿಗ್ರಿಯ ಜೊತೆ ಎರಡು ವರ್ಷದ ಸಂಬಂಧಪಟ್ಟ ಅನುಭವವೂ ಬೇಕು. ಬರೀ ಬಿಲ್ ಎಂಟ್ರಿ ಮಾಡಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ.

ಫೀಸು 1,65,000. ಮೇಲೆ 18% ಜಿಎಸ್‌ಟಿ. ಒಟ್ಟು 1,94,700. "ಕಂತಲ್ಲಿ ಕಟ್ಟಿ ಮ್ಯಾಮ್, ಬಡ್ಡಿ ಇಲ್ಲ" ಅಂತ ಟ್ಯಾಬ್ ತಂದು ಪ್ಯಾನ್, ಆಧಾರ್ ನಂಬರ್ ಹಾಕಿದರು. ಮೊಬೈಲಿಗೆ ಓಟಿಪಿ ಬಂತು, ಹೇಳಿದೆ. ಸೆಂಟರಿಗೇ ಕಂತು ಕಟ್ಟುತ್ತಿದ್ದೇನೆ ಅಂದುಕೊಂಡಿದ್ದೆ. ಅದು ನನ್ನ ಹೆಸರಿನಲ್ಲಿ ಒಂದು ಫೈನಾನ್ಸ್ ಕಂಪನಿಯ ಸಾಲ! ದುಡ್ಡೆಲ್ಲ ಒಂದೇ ಸಲ ಸೆಂಟರಿಗೆ ಹೋಗಿತ್ತು. ಮೂರು ತಿಂಗಳಿಗೆ ಮೇಷ್ಟ್ರು ಬಿಟ್ಟು ಹೋದರು, ಕ್ಲಾಸು ನಿಂತು ಆಪ್‌ನಲ್ಲಿ ಹಳೇ ವಿಡಿಯೋ ಹಾಕಿದರು. ಆದರೂ 24 ತಿಂಗಳು 8,100 ಚಿಲ್ಲರೆ ಕಟ್ ಆಗುತ್ತಲೇ ಹೋಯಿತು. ಒಂದು ತಿಂಗಳು ಖಾತೆಯಲ್ಲಿ ದುಡ್ಡಿರಲಿಲ್ಲ. ಬೌನ್ಸ್ ಚಾರ್ಜ್ ಬಿತ್ತು, ಸಾಲ ಸರಿಯಾಗಿ ತೀರಿಸುತ್ತೇವಾ ಅಂತ ಬ್ಯಾಂಕುಗಳು ನೋಡುವ ಸಿಬಿಲ್ ಸ್ಕೋರ್ ಇಳಿಯಿತು.

ಆ ಫೀಸಿನಲ್ಲೇ ಐಎಂಎ ಶುಲ್ಕವೂ ಸೇರಿದೆ ಅಂತಲೂ ಸೆಂಟರಿನವರು ಹೇಳಿದ್ದರು. ಪರೀಕ್ಷೆಗೆ ದಿನ ಬುಕ್ ಮಾಡಲು ಹೋದಾಗ ನನ್ನ ಹೆಸರೇ ಅಲ್ಲಿ ನೋಂದಣಿ ಆಗಿರಲಿಲ್ಲ. ಸದಸ್ಯತ್ವ, ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ, ಎಲ್ಲವನ್ನೂ ಮತ್ತೆ ಡಾಲರ್ ಲೆಕ್ಕದಲ್ಲಿ ನಾನೇ ಕಟ್ಟಿದೆ. ನೀವು ಸೇರಿದ್ದರೆ ಇವತ್ತೇ ಐಎಂಎ ಸದಸ್ಯತ್ವದ ನಂಬರ್ ಕೇಳಿ. ಅದು ನಿಮ್ಮ ಸ್ವಂತ ಇಮೇಲಿಗೆ ಬಂದಿರಬೇಕು. ಸೆಂಟರಿನವರು ಕೊಡುವ ಕೋರ್ಸ್ ಮುಗಿಸಿದ ಪತ್ರವನ್ನು ಯಾವ ಎಚ್‌ಆರ್ ಕೂಡ ಸಿಎಂಎ ಅಂತ ಒಪ್ಪುವುದಿಲ್ಲ.

ಕಷ್ಟಪಟ್ಟು ಎರಡೂ ಪೇಪರ್ ಪಾಸು ಮಾಡಿದೆ. ಪ್ಲೇಸ್‌ಮೆಂಟ್ ಅಂತ ಬಂದದ್ದು ಎರಡು ಲಿಂಕ್, ಎರಡೂ ಮೂರು ಲಕ್ಷದ ಬಿಲ್ಲಿಂಗ್ ಕೆಲಸ. ನಾನೇ ಹುಡುಕಿ ಹೋದ ಒಂದು ಇಂಟರ್‌ವ್ಯೂನಲ್ಲಿ ಮ್ಯಾನೇಜರ್ ಮೇಡಂ ಕೇಳಿದರು, "ಪಾಸಾಗಿರೋದು ಸರಿಯಮ್ಮ, ಮಂತ್ ಎಂಡ್ ಕ್ಲೋಸಿಂಗ್ ಮಾಡಿದ್ದೀಯಾ? ಖರ್ಚು ಬಜೆಟ್ ಮೀರಿದ್ದು ಯಾಕೆ ಅಂತ ಯಾವತ್ತಾದ್ರೂ ಬರೆದಿದ್ದೀಯಾ?" ಮಾಡಿರಲಿಲ್ಲ. ಆಮೇಲೆ ನಮ್ಮ ಆಫೀಸಿನಲ್ಲೇ ಬೇಡಿಕೊಂಡು, ತಿಂಗಳ ಕೊನೆಗೆ ಲೆಕ್ಕ ಮುಗಿಸುವ ಕ್ಲೋಸಿಂಗ್ ಟೀಮಿಗೆ ಹೋದೆ. ಒಂದು ವರ್ಷ ಅಲ್ಲಿ ದುಡಿದ ಮೇಲೆ ಸಂಬಳ 41,000 ಆಯಿತು. ಪಾಸಾದದ್ದು ನನ್ನನ್ನು ಆ ಟೀಮಿಗೆ ತೆಗೆದುಕೊಳ್ಳಲು ನೆರವಾಯಿತು, ನಿಜ. ಸಂಬಳ ಏರಿದ್ದು ಮಾತ್ರ ಅಲ್ಲಿ ಕಲಿತ ಕೆಲಸದಿಂದ.

ಕೋಚಿಂಗ್ ಸೆಂಟರುಗಳು ಕೆಲಸ ಖಾತ್ರಿ ಅಂತ ಸುಳ್ಳು ಜಾಹೀರಾತು ಕೊಡಬಾರದು ಎಂದು 2024ರ ನವೆಂಬರಿನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ. ಮೋಸ ಹೋಗಿದ್ದರೆ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ರಸೀದಿ, ಸಾಲದ ಕರಾರು, ವಾಟ್ಸಾಪ್ ಮೆಸೇಜು ಯಾವುದನ್ನೂ ಅಳಿಸಬೇಡಿ. ಎಂಟು ಲಕ್ಷ ಖಚಿತ ಅಂತ ಆ ಕೌನ್ಸೆಲರ್ ಕಳಿಸಿದ್ದ ಮೆಸೇಜು ನಾನು ಫೋನ್ ಬದಲಾಯಿಸಿದಾಗ ಹೋಯಿತು. ಅದಿಲ್ಲದೆ ನನ್ನ ದೂರು ಮುಂದೆ ಹೋಗಲಿಲ್ಲ.