ಎರಡು ಆಂಪ್ ಬೇಕಾ, ಒಂದೇ ಸಾಕಾ?

ತುಮಕೂರಿನ ನಮ್ಮ ಮನೆ ಹಾಲ್ 12ಕ್ಕೆ 14 ಅಡಿ. ಸ್ಪೀಕರ್ ಹಿಂದೆ ವೈರ್ ಸಿಕ್ಕಿಸುವ ಟರ್ಮಿನಲ್ ಎರಡರ ಬದಲು ನಾಲ್ಕು ಕಂಡಿದ್ದೇ ತಡ, ನನಗೆ ಬೈ-ಆಂಪಿಂಗ್ ಹುಚ್ಚು ಹಿಡಿಯಿತು, ಅಂದರೆ ಒಂದೇ ಸ್ಪೀಕರ್‌ಗೆ ಎರಡು ಆಂಪ್ (ಆಂಪ್ಲಿಫೈಯರ್) ಹಾಕೋದು.

ಒಂದೇ ಆಂಪ್ ಆದರೆ ತಲೆನೋವಿಲ್ಲ. ವೈರ್ ಸಿಕ್ಕಿಸಿ, ಹಾಡು ಕೇಳಿ, ಅಷ್ಟೇ.

ಬೈ-ಆಂಪಿಂಗ್‌ನಲ್ಲಿ ಬೇಸ್ ನುಡಿಸುವ ವೂಫರ್‌ಗೊಂದು ಆಂಪ್, ಟ್ರೆಬಲ್ ನುಡಿಸುವ ಟ್ವೀಟರ್‌ಗೊಂದು. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಬೇಸ್, ಟ್ರೆಬಲ್ ಬೇರೆ ಮಾಡುವ ಸ್ಪೀಕರ್ ಒಳಗಿನ ಕ್ರಾಸ್‌ಓವರ್ ಇದ್ದಲ್ಲೇ ಇರುತ್ತದೆ. ಎರಡೂ ಆಂಪ್‌ಗಳು ಪೂರ್ತಿ ಸಿಗ್ನಲ್ಲನ್ನೇ ದೊಡ್ಡದು ಮಾಡುತ್ತವೆ. ಟ್ವೀಟರ್‌ಗೆ ಬೇಕಾದ ಪವರ್ ಕಡಿಮೆ, ಹಾಗಾಗಿ ಅದರ ಆಂಪ್ ಹೆಚ್ಚು ಹೊತ್ತು ಆಟಕ್ಕುಂಟು ಲೆಕ್ಕಕ್ಕಿಲ್ಲ. 50ಕ್ಕೆ 50 ಸೇರಿ 100 ವ್ಯಾಟ್ ಆಯ್ತು ಅಂದುಕೊಳ್ಳಬೇಡಿ. ನಿಜಕ್ಕೂ ಪವರ್ ಎರಡರಷ್ಟಾದರೂ ಸಿಗೋದು 3 ಡೆಸಿಬಲ್ ಮಾತ್ರ, ಅಂದರೆ ಸದ್ದು ಸ್ವಲ್ಪವೇ ಜಾಸ್ತಿ. ಹೋಮ್ ಥಿಯೇಟರ್‌ನ ಎವಿ ರಿಸೀವರ್‌ನಲ್ಲಿ ಖಾಲಿ ಇರುವ ಚಾನೆಲನ್ನೇ ಎರಡನೇ ಆಂಪ್ ಆಗಿ ಬಳಸಿದರೆ ಸಾಮಾನ್ಯವಾಗಿ ಎರಡಕ್ಕೂ ಪವರ್ ಸಪ್ಲೈ ಕೂಡ ಒಂದೇ.

ಎರಡು ಬೇರೆ ಆಂಪ್ ಹಾಕಿದರೆ ಎರಡರ ಗೇನ್ (ಸಿಗ್ನಲ್ಲನ್ನು ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅನ್ನೋದು) ಒಂದಕ್ಕೊಂದು ಹೊಂದಬೇಕು, ಇಲ್ಲದಿದ್ದರೆ ಬೇಸ್ ಉಬ್ಬುತ್ತದೆ ಅಥವಾ ಟ್ರೆಬಲ್ ಚುಚ್ಚುತ್ತದೆ. ಟರ್ಮಿನಲ್‌ಗಳ ನಡುವಿನ ಹಿತ್ತಾಳೆ ಪಟ್ಟಿ ತೆಗೆಯೋದನ್ನು ಮರೆತರೆ ಎರಡು ಆಂಪ್‌ಗಳ ಔಟ್‌ಪುಟ್ ಒಂದಕ್ಕೊಂದು ಕೂಡಿ ಆಂಪ್‌ಗಳೇ ಸುಟ್ಟು ಹೋಗಬಹುದು. ನಾನು ಸ್ವಿಚ್ ಒತ್ತುವ ಮುಂಚೆ ಟಾರ್ಚ್ ಹಿಡಿದು ನೋಡಿದೆ. ಎಡಗಡೆ ಸ್ಪೀಕರ್‌ನಲ್ಲಿ ಪಟ್ಟಿ ಹಾಗೇ ಇತ್ತು!

ಕ್ರಾಸ್‌ಓವರನ್ನು ಆಂಪ್‌ಗಿಂತ ಮುಂಚೆಯೇ ಇಡುವ ಆಕ್ಟಿವ್ ಪದ್ಧತಿ ಬೇರೆ ವಿಷಯ. ಅಲ್ಲಿ ಲಾಭ ನಿಜಕ್ಕೂ ಇದೆ, ಕೆಲಸವೂ ಜಾಸ್ತಿ.

ಹಳೇ ಆಂಪ್ ಸುಮ್ನೆ ಬಿದ್ದಿದ್ದರೆ ಆಸೆಗೆ ಮಾಡಿ ನೋಡಿ. ದುಡ್ಡು ಕೊಡೋದಾದರೆ ಒಂದೇ ಒಳ್ಳೆ ಆಂಪ್ ತಗೊಳ್ಳಿ. ನಮ್ಮ ಹಾಲಿನಲ್ಲಂತೂ ಸ್ಪೀಕರನ್ನು ಗೋಡೆಯಿಂದ ಒಂದಡಿ ಮುಂದೆ ಎಳೆದಾಗ ಆದ ವ್ಯತ್ಯಾಸ ಎರಡನೇ ಆಂಪ್‌ನಿಂದ ಆಗಲಿಲ್ಲ.